ಅಕ್ಕನ ಕಾಮಾಲೆ: ಬಿಲಿರುಬಿನ್ 6.8ರಿಂದ ಪಿತ್ತನಾಳದ ಕಲ್ಲಿನವರೆಗೆ

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ತುಮಕೂರಿನ ಒಂದು ಸಹಕಾರ ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ನಮ್ಮಕ್ಕನ ರಿಪೋರ್ಟುಗಳ ಫೈಲನ್ನು ಪಕ್ಕದಲ್ಲಿ ಇಟ್ಟುಕೊಂಡು, ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಉಳಿದಿದ್ದೆಲ್ಲ ಬರಿ, ನಾಚಿಕೆ ಮಾಡ್ಕೊಂಡು ಮುಚ್ಚಿಡಬೇಡ" ಅಂದಿದ್ದಾಳೆ. ಆ ನಾಚಿಕೆಯ ವಿಷಯ ಮುಂದೆ ಬರುತ್ತೆ.

ಅಕ್ಕನಿಗೆ 46 ವರ್ಷ. ಅರಸೀಕೆರೆ ಕಡೆಯ ಹಳ್ಳಿ. ತೆಂಗಿನ ತೋಟ, ಎರಡು ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಶುಗರ್ ಇಲ್ಲ, ಬಿಪಿ ಇಲ್ಲ. ಎರಡು ವರ್ಷದಿಂದ "ಗ್ಯಾಸ್ಟ್ರಿಕ್" ಅಂತ ಒಂದು ಇತ್ತು. ನಮ್ಮ ಕಡೆ ಎದೆಯಿಂದ ಹೊಕ್ಕುಳವರೆಗಿನ ಎಲ್ಲ ನೋವಿಗೂ ಇದೊಂದೇ ಹೆಸರು. ಮದುವೆ ಮನೆಯಲ್ಲೋ ಬೀಗರೂಟದಲ್ಲೋ ಗಟ್ಟಿಯಾಗಿ ಊಟ ಮಾಡಿ ಬಂದ ರಾತ್ರಿ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುತ್ತಿತ್ತು. ಅಲ್ಲಿಂದ ಬೆನ್ನಿಗೆ, ಬಲ ಭುಜದ ಹಿಂದಕ್ಕೆ ಎಳೆಯುತ್ತಿತ್ತು. ಒಂದೆರಡು ಗಂಟೆ ಒದ್ದಾಡಿಸಿ ತಾನಾಗಿ ಬಿಡುತ್ತಿತ್ತು. ಊರಿನ ಡಾಕ್ಟರ್ ಒಂದು ಇಂಜೆಕ್ಷನ್ ಚುಚ್ಚಿ ಗ್ಯಾಸ್ ಮಾತ್ರೆ ಕೊಡೋರು. ಎರಡು ವರ್ಷದಲ್ಲಿ ಒಂದು ಸಲವೂ ಹೊಟ್ಟೆ ಸ್ಕ್ಯಾನಿಂಗ್ ಆಗಲಿಲ್ಲ. ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಂದು ಹೋಗುವ ನೋವು ಅಲ್ವಾ, ಹೋದ ಮೇಲೆ ಯಾರು ಅದರ ಹಿಂದೆ ಬೀಳ್ತಾರೆ.

ಹೋದ ವರ್ಷ ಸಂಕ್ರಾಂತಿ ಕಳೆದು ಮೂರು ನಾಲ್ಕು ವಾರ ಆಗಿರಬೇಕು. ಅಕ್ಕ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಾ ಇದ್ದಳು. ಮಗಳು ಬಂದು ಮುಖ ನೋಡಿ "ಅಮ್ಮ, ನಿನ್ನ ಕಣ್ಣು ಯಾಕೆ ಹಿಂಗಿದೆ" ಅಂದಳು. ಮನೆಯೊಳಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಾಲ್ಕು ದಿನದಿಂದ ಯಾರಿಗೂ ಕಂಡಿರಲಿಲ್ಲ, ಹೊರಗಿನ ಬಿಸಿಲಿಗೆ ಕಂಡಿತು. ಇದೂ ಒಂದು ತಿಳಿದಿರಲಿ, ಕಣ್ಣಿನ ಹಳದಿ ನೋಡಬೇಕಾದ್ದು ಹಗಲು ಬೆಳಕಿನಲ್ಲಿ. ಮೂತ್ರ ಮಾತ್ರ ಒಂದು ವಾರದಿಂದ ಕಪ್ಪು ಬೆಲ್ಲದ ಪಾನಕದ ಹಾಗೆ ಹೋಗ್ತಿತ್ತಂತೆ. ನೀರು ಕಮ್ಮಿ ಕುಡಿದಿದ್ದಕ್ಕೆ ಇರಬೇಕು ಅಂತ ಅಕ್ಕ ಸುಮ್ಮನಿದ್ದಳು.

ಭಾವ ಅವಳನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಲ್ಯಾಬಿಗೆ ಕರೆದುಕೊಂಡು ಹೋದರು. "ಜಾಂಡೀಸ್ ಟೆಸ್ಟ್ ಮಾಡಿ" ಅಂದರು. ಅವರು ಬಿಲಿರುಬಿನ್ ಒಂದನ್ನೇ ಮಾಡಿಕೊಟ್ಟರು. 6.8. ಇರಬೇಕಾದ್ದು 1.2ರ ಒಳಗೆ. ಚೀಟಿಯ ಫೋಟೋ ನನಗೆ ವಾಟ್ಸಾಪಿನಲ್ಲಿ ಬಂತು. ನಾನು ಅದನ್ನು ನೋಡಿ "ಜಾಂಡೀಸೇ, ಬೇಗ ಔಷಧಿ ಕೊಡಿಸಿ" ಅಂತ ಹೇಳಿದೆ. ಸೊಸೈಟಿಯಲ್ಲಿ ಯಾರಾದರೂ ವಿವರ ಇಲ್ಲದೆ ಒಟ್ಟು ಮೊತ್ತ ಮಾತ್ರ ಬರೆದ ಬಿಲ್ಲು ತಂದರೆ ವಾಪಸ್ ಕಳಿಸ್ತೀನಿ. ಅಕ್ಕನ ವಿಷಯದಲ್ಲಿ ಒಟ್ಟನ್ನೇ ನೋಡಿ ಸಹಿ ಹಾಕಿಬಿಟ್ಟೆ.

ಇಲ್ಲೇ ನಾವು ಎಡವಿದ್ದು. ಕಾಮಾಲೆ, ಜಾಂಡೀಸ್, ಮಲೆನಾಡಿನ ಕಡೆಯ ಅರಿಶಿನ ಮುಂಡಿಗೆ, ಉತ್ತರ ಕರ್ನಾಟಕದ ಕಾಮಣಿ, ಏನೇ ಕರೀರಿ, ಅದೊಂದು ಕಾಯಿಲೆಯ ಹೆಸರು ಅಂತ ನಾವು ತಿಳಿದಿದ್ದೆವು. ಅದು ಜ್ವರ ಇದ್ದ ಹಾಗೆ, ಒಂದು ಗುರುತು ಅಷ್ಟೇ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದು ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟುತ್ತೆ. ಲಿವರ್ ಅದನ್ನು ನೀರಲ್ಲಿ ಕರಗುವ ಹಾಗೆ ಮಾಡಿ, ಪಿತ್ತದ ಜೊತೆ ನಾಳದ ಮೂಲಕ ಕರುಳಿಗೆ ಬಿಡುತ್ತೆ. ನಮ್ಮ ಮಲಕ್ಕೆ ಆ ಕಂದು ಬಣ್ಣ ಬರೋದೇ ಇದರಿಂದ. ನಮ್ಮೂರ ಕೆರೆ ನೆನೆಸಿಕೊಂಡರೆ ಸುಲಭ. ಮೇಲಿಂದ ನೀರು ಜಾಸ್ತಿ ನುಗ್ಗಿದರೂ ಕೆರೆ ಉಕ್ಕುತ್ತೆ, ಅಂದರೆ ರಕ್ತಕಣ ವಿಪರೀತ ಒಡೆಯೋದು. ಕೆರೆಯೇ ಕೆಟ್ಟರೂ ಉಕ್ಕುತ್ತೆ, ಅಂದರೆ ಲಿವರಿಗೆ ವೈರಸ್ಸೋ ಹೆಂಡವೋ ಯಾವುದೋ ಮಾತ್ರೆಯೋ ಪೆಟ್ಟು ಕೊಡೋದು. ತೂಬಿನ ಬಾಯಿಗೆ ಕಲ್ಲು ಸಿಕ್ಕಿಕೊಂಡರೂ ಉಕ್ಕುತ್ತೆ. ಏರಿ ಮೇಲೆ ನಿಂತು ನೋಡಿದವನಿಗೆ ಮೂರೂ ಒಂದೇ ಥರ ಕಾಣುತ್ತೆ, ನೀರು ಕೋಡಿ ಬಿದ್ದಿದೆ ಅಂತ. 6.8 ಅನ್ನೋ ಒಂದು ಅಂಕಿ ಹೇಳೋದೂ ಅಷ್ಟೇ.

ಆವತ್ತೇ ಪೂರ್ತಿ ಲಿವರ್ ಟೆಸ್ಟ್, ಅಂದರೆ ಎಲ್‌ಎಫ್‌ಟಿ ಮಾಡಿಸಿದ್ದರೆ ಆ ಲ್ಯಾಬಿನಲ್ಲಿ ಇನ್ನೊಂದು ಮುನ್ನೂರು ನಾನೂರು ರೂಪಾಯಿ ಹೆಚ್ಚಾಗ್ತಿತ್ತು.

ಔಷಧಿಗೆ ಹೋದದ್ದು ಹತ್ತು ಕಿಲೋಮೀಟರ್ ಆಚೆಯ ಊರಿಗೆ. ಅಲ್ಲಿ ಒಬ್ಬ ಹಿರಿಯರು ಭಾನುವಾರ ಬೆಳಗಿನ ಜಾವ ಔಷಧಿ ಕೊಡ್ತಾರೆ. ಸೊಪ್ಪು ಅರೆದು ಹಸುವಿನ ಹಾಲಲ್ಲಿ ಕಲಸಿ ಖಾಲಿ ಹೊಟ್ಟೆಗೆ, ಮೂರು ವಾರ. ದುಡ್ಡು ಕೇಳುವವರಲ್ಲ. ಎಲೆ ಅಡಿಕೆ ಮೇಲೆ ಏನಿಟ್ಟರೂ ಸರಿ. ಅವರ ಬಗ್ಗೆ ಕೆಟ್ಟ ಮಾತು ಆಡಲು ನನಗೆ ಮನಸ್ಸಿಲ್ಲ, ಮೋಸದ ಮನುಷ್ಯ ಖಂಡಿತ ಅಲ್ಲ. ಕೆಲವು ಕಡೆ ಮೊಣಕೈಗೆ ಬರೆ ಹಾಕ್ತಾರೆ, ಕಣ್ಣಿಗೆ ಮೂಗಿಗೆ ರಸ ಹಿಂಡ್ತಾರೆ. ಇವರು ಅದೇನೂ ಮಾಡಲಿಲ್ಲ. ಆದರೆ ಪಥ್ಯ ಬಹಳ ಕಟ್ಟುನಿಟ್ಟು. ಉಪ್ಪಿಲ್ಲ, ಖಾರ ಇಲ್ಲ, ಎಣ್ಣೆ ತುಪ್ಪ ಇಲ್ಲ, ಬೇಳೆ ಇಲ್ಲ. ಅರಿಶಿನವಂತೂ ಮನೆಯಲ್ಲೇ ಕಾಣಬಾರದು. ಹಳದಿ ಕಾಯಿಲೆಗೆ ಹಳದಿ ಪದಾರ್ಥ ಆಗದು ಅನ್ನೋ ಲೆಕ್ಕ. (ಹಾಗಾದರೆ ಕೆಂಪು ಟೊಮೇಟೋ ತಿಂದರೆ ರಕ್ತ ಜಾಸ್ತಿ ಆಗಬೇಕಲ್ಲ ಅಂತ ಅಕ್ಕನ ಮಗಳು ಕೇಳಿ ಬೈಸಿಕೊಂಡಳು.) ಅಕ್ಕ ತಿಂದದ್ದು ಗಂಜಿ, ಮಜ್ಜಿಗೆ ಅನ್ನ, ಕಬ್ಬಿನ ಹಾಲು. ಕಬ್ಬಿನ ಹಾಲು ಬಸ್‌ಸ್ಟ್ಯಾಂಡಿನ ಗಾಡಿಯದು, ಐಸ್ ಹಾಕಿದ್ದು. ಆ ಐಸು, ಆ ಗಾಡಿಯ ಬಕೆಟ್ ನೀರು, ಲಿವರಿಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಎ ಮತ್ತು ಇ ಹರಡೋದೇ ಇಂಥ ನೀರಿನಿಂದ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು.

ಹನ್ನೆರಡನೇ ದಿನ ಮತ್ತೆ ಅದೇ ಲ್ಯಾಬ್. ಬಿಲಿರುಬಿನ್ 2.1. ನಾನು ಫೋನಿನಲ್ಲಿ ಹೆಬ್ಬೆರಳಿನ ಗುರುತು ಕಳಿಸಿದೆ. ಭಾವ ಆ ಹಿರಿಯರಿಗೆ ಒಂದು ಗೊನೆ ಎಳನೀರು ಕೊಟ್ಟು ಬಂದರು.

ಹೇಗೆ ಇಳೀತು ಅಂತ ಕೇಳ್ತೀರಿ. ಅದನ್ನು ಹೇಳುವ ಮೊದಲು ಪಕ್ಕದ ಮನೆ ಹುಡುಗನ ಕತೆ ಹೇಳಬೇಕು. ಹತ್ತು ವರ್ಷದವನು. ಅಕ್ಕನಿಗಿಂತ ಒಂದು ತಿಂಗಳು ಮುಂಚೆ ಅವನಿಗೂ ಕಣ್ಣು ಹಳದಿ ಆಗಿತ್ತು. ಮೊದಲು ಜ್ವರ, ವಾಂತಿ, ಅನ್ನ ಕಂಡರೆ ಆಗದು, ಆಮೇಲೆ ಹಳದಿ. ಅವನೂ ಅದೇ ಔಷಧಿ ಕುಡಿದ, ಮೂರು ವಾರದಲ್ಲಿ ಕ್ರಿಕೆಟ್ ಆಡ್ತಿದ್ದ. ಮಕ್ಕಳಿಗೆ ಸಾಮಾನ್ಯವಾಗಿ ಬರುವ ಹೆಪಟೈಟಿಸ್ ಎ ಬಹುಪಾಲು ತಾನಾಗಿಯೇ ವಾಸಿಯಾಗುವ ಕಾಯಿಲೆ. ವೈರಸ್ ಒಳಗೆ ಸೇರಿ ಸರಾಸರಿ ನಾಲ್ಕು ವಾರಕ್ಕೆ ಕಾಣಿಸಿಕೊಂಡು, ಕೆಲವು ವಾರ ಕಾಡಿ ಹೋಗುತ್ತೆ, ದೀರ್ಘ ಕಾಯಿಲೆಯಾಗಿ ಉಳಿಯೋದಿಲ್ಲ. ಆ ಹುಡುಗ ಸೊಪ್ಪು ಕುಡಿಯದೇ ಇದ್ದಿದ್ದರೂ ಆಡ್ತಿದ್ದ. ಆದರೆ ಊರಿಗೆ ಕಂಡದ್ದು ಸೊಪ್ಪು ಮತ್ತು ಹುಡುಗ. ಬಹುಪಾಲು ಜನ ಹೀಗೆ ತಾವಾಗಿಯೇ ಗುಣವಾಗುವ ಕಾಯಿಲೆಗೆ ಯಾವ ಔಷಧಿ ಕೊಟ್ಟರೂ ಹೆಸರು ಬಂದೇ ಬರುತ್ತೆ.

ಸೊಪ್ಪಿನಲ್ಲಿ ಏನೂ ಇಲ್ಲ ಅಂತಾನೂ ನಾನು ಹೇಳ್ತಿಲ್ಲ. ಕಾಮಾಲೆಗೆ ಕೊಡುವ ನೆಲನೆಲ್ಲಿ ಗಿಡದ ಬಗ್ಗೆ ದೊಡ್ಡ ಕೆಲಸವೇ ನಡೆದಿದೆ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಕೂಡ ಮದರಾಸಿನವರ ಜೊತೆ ಸೇರಿ ಈ ಗಿಡದ ಬೆನ್ನು ಹತ್ತಿದ್ದವರು. 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಮದರಾಸಿನ ಒಂದು ಪ್ರಯೋಗ ಅಚ್ಚಾಯ್ತು. ಹೆಪಟೈಟಿಸ್ ಬಿ ವೈರಸ್ ಹೊತ್ತವರಲ್ಲಿ ನೆಲನೆಲ್ಲಿ ತಗೊಂಡ 37 ಜನರಲ್ಲಿ 22 ಜನಕ್ಕೆ ರಕ್ತದಲ್ಲಿ ವೈರಸ್ಸಿನ ಗುರುತು ಹೋಯ್ತು ಅಂತ ಅದರಲ್ಲಿತ್ತು. ಎಲ್ಲರೂ ಕಣ್ಣರಳಿಸಿದರು. ಆಮೇಲೆ ಬೇರೆ ಬೇರೆ ಕಡೆ ಅದೇ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ. ಅದಿರಲಿ, ಸಿಕ್ಕಿದ್ದರೂ ನಮ್ಮಕ್ಕನಿಗೆ ಪ್ರಯೋಜನ ಇರಲಿಲ್ಲ. ಅವಳಿಗೆ ವೈರಸ್ಸೇ ಇರಲಿಲ್ಲ. ಪಿತ್ತ ಶೇಖರವಾಗುವ ಚೀಲ, ಅಂದರೆ ಪಿತ್ತಕೋಶದಿಂದ ಜಾರಿದ ಒಂದು ಕಲ್ಲು ಪಿತ್ತನಾಳದಲ್ಲಿ ಕೂತಿತ್ತು. ಅಂಥ ಕಲ್ಲು ಬಹಳ ಸಲ ಒಂದೇ ಕಡೆ ಕೂರೋದಿಲ್ಲ. ಕೆಳಗೆ ಬಂದು ಬಾಯಿ ಮುಚ್ಚುತ್ತೆ, ಸ್ವಲ್ಪ ಮೇಲಕ್ಕೆ ತೇಲುತ್ತೆ, ಪಿತ್ತ ಸಂದಿಯಲ್ಲಿ ಹರಿದುಹೋಗುತ್ತೆ, ಹಳದಿ ಇಳಿಯುತ್ತೆ. 2.1 ಬಂದದ್ದು ಹೀಗೆ. ಆ ವಾರ ಅಕ್ಕ ಏನು ಕುಡಿದಿದ್ದರೂ ಅದಕ್ಕೇ ಹೆಸರು ಬರ್ತಿತ್ತು.

ಇನ್ನೊಂದು ಬೇಜಾರಿನ ವಿಷಯ. ನೋಡಲು ಬಂದವರೆಲ್ಲ "ಕುಡಿಯೋರಿಗೆ ಬರುತ್ತೆ ಇದು, ಇವಳಿಗೆ ಯಾಕೆ ಬಂತು" ಅಂತ ಭಾವನ ಮುಖ ನೋಡೋರು. ಜಾಂಡೀಸ್ ಅಂದರೆ ಹೆಂಡ ಅಂತ ಒಂದು ಗಂಟು ಹಾಕಿಬಿಟ್ಟಿದ್ದೇವೆ. ಹಾಗಾಗಿ ಅಕ್ಕ ಯಾರಿಗೂ ಹೇಳದೆ ಮನೆಯಲ್ಲೇ ಇರತೊಡಗಿದಳು. ಡೇರಿಗೆ ಮಗಳು ಹೋಗೋಳು.

ಯುಗಾದಿಗೆ ನಾನು ಊರಿಗೆ ಹೋದೆ. ಅಕ್ಕ ಇಳಿದುಹೋಗಿದ್ದಳು. 58 ಕೆಜಿ ಇದ್ದವಳು ಡೇರಿಯ ತಕ್ಕಡಿಯಲ್ಲಿ ನಿಂತರೆ 51. ಕಣ್ಣು ಮತ್ತೆ ಹಳದಿ. ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು. ಹಿತ್ತಲ ಕಡೆಯಿಂದ ಸರ್ ಸರ್ ಅಂತ ಸದ್ದು. ಹೋಗಿ ನೋಡಿದರೆ ಬಚ್ಚಲ ಕಟ್ಟೆ ಮೇಲೆ ಅಕ್ಕ ಕೂತಿದ್ದಾಳೆ. ಕೈಯಲ್ಲಿ ಪಾತ್ರೆ ಉಜ್ಜುವ ತೆಂಗಿನ ನಾರು. ಅದರಲ್ಲಿ ಅಂಗಾಲು ಉಜ್ಜಿಕೊಳ್ತಿದ್ದಾಳೆ, ಒಂದೇ ಸಮ, ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ. ಮೊಣಕಾಲಿನ ತನಕ ಉಗುರಿನ ಗೆರೆ, ಕೆಲವು ಕಡೆ ರಕ್ತ ಒಣಗಿತ್ತು. ಮೈಮೇಲೆ ಒಂದು ಗಂಧೆ ಇಲ್ಲ, ಗುಳ್ಳೆ ಇಲ್ಲ, ಬರೀ ತುರಿಕೆ. "ಹದಿನೈದು ದಿನ ಆಯ್ತು ಕಣೋ ನಿದ್ದೆ ಮಾಡಿ" ಅಂದಳು. ಒಳಗಿನ ನಂಜು ಹೊರಗೆ ಬರ್ತಿದೆ, ಒಳ್ಳೇದೇ ಅಂತ ಯಾರೋ ಹೇಳಿದ್ದರಂತೆ. ಪಿತ್ತ ಕರುಳಿಗೆ ಹೋಗದೆ ರಕ್ತಕ್ಕೆ ತಿರುಗಿದರೆ ಇಂಥ ತುರಿಕೆ ಬರುತ್ತೆ. ಅಂಗೈ ಅಂಗಾಲಿನಲ್ಲಿ ಜಾಸ್ತಿ, ರಾತ್ರಿ ಇನ್ನೂ ಜಾಸ್ತಿ.

ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ ಅಂದೆ. ಹಬ್ಬ ಮುಗೀಲಿ ಅಂದಳು. ಹೊಸ ತೊಡಕಿನ ದಿನ ಮಧ್ಯಾಹ್ನ ಚಳಿ ಶುರುವಾಯ್ತು. ಹಲ್ಲು ಕಟಕಟ ಅಂತಿದೆ, ಮೂರು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುವ ಹಾಗೆ ನಡುಕ, ಆಮೇಲೆ ಮೈ ಕೆಂಡ. ಬಲಗಡೆ ಅದೇ ಹಳೇ ನೋವು. ಇನ್ನು ಯಾರ ಮಾತೂ ಕೇಳಲಿಲ್ಲ ನಾನು, ಕಾರು ಮಾಡಿಸಿ ತಾಲೂಕಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿದ್ದದ್ದು ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಣ್ಣು ನೋಡಿದರು, ಕಾಲಿನ ಗೆರೆ ನೋಡಿದರು, ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರು ಎಳೆಯಲು ಹೇಳಿದರು, ಅಕ್ಕ ಅರ್ಧಕ್ಕೇ ಉಸಿರು ನಿಲ್ಲಿಸಿದಳು. ಆಮೇಲೆ ಕೇಳಿದರು: "ಮೋಷನ್ ಯಾವ ಬಣ್ಣಕ್ಕೆ ಹೋಗ್ತಿದೆ?"

ಅಕ್ಕ ನನ್ನ ಕಡೆ ನೋಡಿದಳು. ತಮ್ಮನ ಎದುರು ಹೇಗೆ ಹೇಳೋದು. ನಾನು ಹೊರಗೆ ಬಂದೆ. ಅವಳು ಏನು ಹೇಳಿದಳು ಅನ್ನೋದು ನನಗೆ ಒಂದು ತಿಂಗಳ ಮೇಲೆ ಗೊತ್ತಾಯ್ತು. "ಬೆಳ್ಳಗೆ, ಜೇಡಿಮಣ್ಣಿನಂಗೆ ಹೋಗ್ತಿತ್ತು ಕಣೋ, ಒಂದು ತಿಂಗಳಿಂದ. ಅರಿಶಿನ ಇಲ್ಲ, ಖಾರ ಇಲ್ಲ, ಬರೀ ಮಜ್ಜಿಗೆ ಅನ್ನ ತಿನ್ನೋಳಿಗೆ ಇನ್ಯಾವ ಬಣ್ಣಕ್ಕೆ ಹೋಗುತ್ತೆ ಅಂದ್ಕೊಂಡೆ."

ಈ ಮಾತು ನನಗೆ ಇವತ್ತಿಗೂ ಕೊರೆಯುತ್ತೆ. ಪಿತ್ತ ಕರುಳಿಗೆ ಬರುತ್ತಿಲ್ಲ ಅನ್ನೋದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತು ಇನ್ನೊಂದಿಲ್ಲ. ದುಡ್ಡು ಬೇಡ, ಮಷಿನ್ ಬೇಡ. ಆ ಗುರುತು ದಿನಾ ಬೆಳಿಗ್ಗೆ ಅವಳ ಕಣ್ಣೆದುರೇ ಇತ್ತು. ಪಥ್ಯದ ಬಿಳಿ ಊಟ ಅದಕ್ಕೊಂದು ಸಮಾಧಾನ ಕೊಟ್ಟು ಮುಚ್ಚಿಬಿಟ್ಟಿತು. ಬಿಲಿರುಬಿನ್ ಎಷ್ಟು ಅಂತ ಎಲ್ಲರೂ ಕೇಳಿದೆವು, ಇದನ್ನು ಒಬ್ಬರೂ ಕೇಳಿರಲಿಲ್ಲ.

ಆವತ್ತಿನ ರಿಪೋರ್ಟು ಫೈಲಿನಲ್ಲಿದೆ. ಒಟ್ಟು ಬಿಲಿರುಬಿನ್ 11.4, ಅದರಲ್ಲಿ ಡೈರೆಕ್ಟ್, ಅಂದರೆ ಲಿವರ್ ನೀರಲ್ಲಿ ಕರಗುವ ಹಾಗೆ ಮಾಡಿದ್ದು, 9.2. ಲಿವರಿನ ಕಣಗಳಿಗೆ ಪೆಟ್ಟು ಬಿದ್ದಾಗ ಏರುವ ಎಎಸ್‌ಟಿ 96, ಎಎಲ್‌ಟಿ 118. ಆಲ್ಕಲೈನ್ ಫಾಸ್ಫಟೇಸ್ 612, ಆ ಲ್ಯಾಬಿನ ಮಿತಿ 120. ಸೋಂಕಿದ್ದಾಗ ಏರುವ ಬಿಳಿ ರಕ್ತಕಣ 16,800. ಐಎನ್‌ಆರ್ 1.7. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್, ಎ ಮತ್ತು ಇ ಪರೀಕ್ಷೆ ಮುಂದಿನ ಆಸ್ಪತ್ರೆಯಲ್ಲಿ ಮಾಡಿದರು, ಅವೂ ನೆಗೆಟಿವ್. ಡಾಕ್ಟರಮ್ಮ ಅದನ್ನು ನನಗೆ ಲೆಕ್ಕದ ಹಾಗೆ ಬಿಡಿಸಿ ಹೇಳಿದರು. ಡೈರೆಕ್ಟ್ ಜಾಸ್ತಿ ಇದೆ ಅಂದರೆ ಲಿವರ್ ತನ್ನ ಕೆಲಸ ಮುಗಿಸಿದೆ, ಸರಕು ಸಾಗುತ್ತಿಲ್ಲ. ವೈರಸ್ ಹಾವಳಿ ಜೋರಾಗಿದ್ದಾಗ ಎಎಲ್‌ಟಿ ನೂರಿನ ಲೆಕ್ಕ ಬಿಟ್ಟು ಸಾವಿರದ ಕಡೆ ಹೋಗಿರುತ್ತೆ. ಇಲ್ಲಿ ಅದು ಸಾಧಾರಣ ಏರಿದೆ, ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಐದು ಪಟ್ಟು. ಅದು ನಾಳ ಕಟ್ಟಿಕೊಂಡಾಗ ಏರುವಂಥದ್ದು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು, ಪಿತ್ತನಾಳ 12 ಮಿಲಿಮೀಟರ್ ಊದಿತ್ತು. ನಾಳದ ಕೆಳತುದಿ ಕರುಳಿನ ಗಾಳಿಯಿಂದ ಕಾಣಲಿಲ್ಲ.

"ಹಳದಿ, ಚಳಿ ಜ್ವರ, ಬಲಗಡೆ ನೋವು ಮೂರೂ ಒಟ್ಟಿಗೆ ಬಂದಿದೆ. ಕಟ್ಟಿಕೊಂಡ ಪಿತ್ತಕ್ಕೆ ಸೋಂಕಾಗಿದೆ. ಇದನ್ನು ನಾಳೆಗೆ ಬಿಡೋ ಹಾಗಿಲ್ಲ" ಅಂದರು. ಅಲ್ಲೇ ಆಂಟಿಬಯೋಟಿಕ್ ಡ್ರಿಪ್ ಹಾಕಿ, ರೆಫರಲ್ ಪತ್ರ ಬರೆದು, 108 ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆ ಪತ್ರ ಇದ್ದದ್ದಕ್ಕೆ, ಬಿಪಿಎಲ್ ಕಾರ್ಡ್ ಇದ್ದದ್ದಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ಮುಖ್ಯ ಖರ್ಚು ಹೋಯ್ತು. ನಾವು ಕೈಯಿಂದ ಹಾಕಿದ್ದು ಓಡಾಟ, ಊಟ, ಹೊರಗಿನ ಕೆಲವು ಟೆಸ್ಟು.

ಐಎನ್‌ಆರ್ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನನಗೆ ಅದು ಬಹಳ ಹಿಡಿಸಿತು. ಅದು ರಕ್ತ ಹೆಪ್ಪುಗಟ್ಟುವ ಲೆಕ್ಕ, ಸುಮಾರು 1 ಇರಬೇಕು. 1.7 ಅಂದಾಗ ಲಿವರೇ ಸೋತಿದೆಯಾ ಅಂತ ಭಯ ಆಯ್ತು. ಅವರು ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಮಾರನೇ ದಿನ ನೋಡಿದರು. 1.2ಕ್ಕೆ ಬಂತು. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥದ್ದು, ಪಿತ್ತ ಇಲ್ಲದಿದ್ದರೆ ಕರುಳು ಅದನ್ನು ಹೀರಿಕೊಳ್ಳಲ್ಲ. ಅಕ್ಕನ ಲಿವರಿಗೆ ಕೆಲಸ ಗೊತ್ತಿತ್ತು, ಸಾಮಾನು ಸಿಕ್ಕಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೂ ಇಳಿಯದೇ ಇದ್ದರೆ ಲಿವರಿನ ಬಗ್ಗೆಯೇ ಚಿಂತೆ ಮಾಡಬೇಕಾಗ್ತಿತ್ತಂತೆ. ಕಾಮಾಲೆ ಬಂದವರ ರಿಪೋರ್ಟಿನಲ್ಲಿ ಬಿಲಿರುಬಿನ್‌ಗಿಂತ ಮೊದಲು ನಾನೀಗ ನೋಡೋದು ಇದನ್ನೇ.

ಎಂಆರ್‌ಸಿಪಿ ಅನ್ನೋ ಸ್ಕ್ಯಾನಿಂಗಿನಲ್ಲಿ ನಾಳದ ಕೆಳತುದಿಯಲ್ಲಿ 9 ಮಿಲಿಮೀಟರಿನ ಕಲ್ಲು ಕಂಡಿತು. ಮಾರನೇ ದಿನ ಇಆರ್‌ಸಿಪಿ. ಬಾಯಿಂದ ಕೊಳವೆ ಇಳಿಸಿ, ಜಠರ ದಾಟಿ, ಪಿತ್ತನಾಳ ಸಣ್ಣ ಕರುಳಿಗೆ ತೆರೆಯುವ ಬಾಯಿ ಹುಡುಕಿ, ಅದನ್ನು ಚೂರು ಕೊಯ್ದು ಅಗಲ ಮಾಡಿ, ಕಲ್ಲನ್ನು ಎಳೆದು ಕರುಳಿಗೆ ಬಿಟ್ಟರು. ಮತ್ತೆ ಕಟ್ಟಿಕೊಳ್ಳದ ಹಾಗೆ ಒಂದು ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ ಇಟ್ಟರು. ಸುಮಾರು ಮುಕ್ಕಾಲು ಗಂಟೆ. ಕೆಲವರಿಗೆ ಇದಾದ ಮೇಲೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ ಅಂತ ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಅಕ್ಕನಿಗೆ ಹಾಗಾಗಲಿಲ್ಲ. ಆವತ್ತು ರಾತ್ರಿ ಅವಳು ನಿದ್ದೆ ಮಾಡಿದಳು. ಮೂರನೇ ದಿನ ಬೆಳಿಗ್ಗೆ ಭಾವ ಫೋನ್ ಮಾಡಿದರು. ಹಲೋ ಇಲ್ಲ, ಏನಿಲ್ಲ, "ಬಣ್ಣ ಬಂತಂತೆ ಕಣಪ್ಪ" ಅಂದರು. ಯಾವುದರ ಬಣ್ಣ ಅಂತ ನಾನೂ ಕೇಳಲಿಲ್ಲ.

ಐದು ದಿನ ಬಿಟ್ಟು ಪಿತ್ತಕೋಶವನ್ನೇ ತೆಗೆದರು, ಲ್ಯಾಪರೋಸ್ಕೋಪಿಯಲ್ಲಿ. ಕಾರ್ಖಾನೆ ಹಾಗೇ ಬಿಟ್ಟರೆ ಮತ್ತೆ ಕಲ್ಲು ಜಾರುತ್ತೆ. ಎರಡು ವರ್ಷದ ಗ್ಯಾಸ್ಟ್ರಿಕ್ ಅದರ ಜೊತೆಗೇ ಹೋಯ್ತು.

ಮನೆಗೆ ಬಂದ ಮೇಲಿನ ಎರಡು ವಾರ ಬೇರೆಯೇ ಥರದ ಕಷ್ಟ. ಮೂತ್ರ ತಿಳಿಯಾಗಿದೆ, ಊಟ ಸೇರ್ತಿದೆ, ತುರಿಕೆ ಇಲ್ಲ. ಕಣ್ಣು ಮಾತ್ರ ಹಳದಿಯೇ. ಬಂದವರೆಲ್ಲ "ಆಪರೇಷನ್ ಮಾಡಿಸಿದರೂ ಹೋಗಿಲ್ಲ ನೋಡಿ, ಆ ಔಷಧಿ ಪೂರ್ತಿ ಮಾಡಬೇಕಿತ್ತು" ಅನ್ನೋರು. ಅಕ್ಕನೂ ಒಂದು ಸಲ ಅಲ್ಲಾಡಿದಳು. ಡಾಕ್ಟರಿಗೆ ಫೋನ್ ಮಾಡಿ ಕೇಳಿದಾಗ ಕಾರಣ ಸಿಕ್ಕಿತು. ಬಹಳ ದಿನ ಬಿಲಿರುಬಿನ್ ಏರಿದ್ದಾಗ ಅದರಲ್ಲಿ ಒಂದು ಭಾಗ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಅದು ಮೂತ್ರದಲ್ಲಿ ಹೋಗಲ್ಲ, ಆ ಪ್ರೋಟೀನು ಸವೆಯುವ ತನಕ ಇರುತ್ತೆ. ಅರ್ಧ ಆಗೋದಕ್ಕೇ ಎರಡು ಮೂರು ವಾರ ಬೇಕು. ಅದಕ್ಕೇ ಮೂತ್ರ ಮೊದಲು ತಿಳಿಯಾಗುತ್ತೆ, ಕಣ್ಣು ಕೊನೆಗೆ. ಅಕ್ಕನ ಅಂಕಿಗಳು ಹೀಗೆ ಇಳಿದವು: 11.4, ವಾರಕ್ಕೆ 6.2, ಮೂರು ವಾರಕ್ಕೆ 2.6, ಏಳನೇ ವಾರಕ್ಕೆ 0.9. ಆಲ್ಕಲೈನ್ ಫಾಸ್ಫಟೇಸ್ ಕೂಡ ಮಿತಿಯೊಳಗೆ ಬಂತು. ಈ ಸಲ ಒಟ್ಟು ನೋಡಿ ಸುಮ್ಮನಾಗಲಿಲ್ಲ, ಪೂರ್ತಿ ಸಾಲು ನೋಡಿದೆ.

ಊಟದ ವಿಷಯದಲ್ಲಿ ಡಾಕ್ಟರು ಹೇಳಿದ್ದು ಕೇಳಿ ಅಕ್ಕ ನಂಬಲೇ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ, ಮೊಸರು ಎಲ್ಲ ತಿನ್ನಿ, ಒಂದೇ ಸಲ ಜಾಸ್ತಿ ಬೇಡ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ. ಕರಿದದ್ದು ಕೆಲವು ವಾರ ಕಮ್ಮಿ ಮಾಡಿ. ಅರಿಶಿನ ಒಗ್ಗರಣೆಗೆ ಎಷ್ಟು ಬೇಕೋ ಅಷ್ಟು. ಅರಿಶಿನದ ಕ್ಯಾಪ್ಸೂಲ್, ಲಿವರ್ ಟಾನಿಕ್, ಯಾರೋ ಕೊಟ್ಟ ಪುಡಿ, ಇವು ಮಾತ್ರ ಬೇಡ. ಜ್ವರ ನೋವಿಗೆ ಪ್ಯಾರಾಸಿಟಮಾಲ್ ಕೂಡ ಕೇಳದೆ ನುಂಗಬೇಡಿ ಅಂದರು, ಜಾಸ್ತಿ ಆದರೆ ಅದೇ ಲಿವರಿಗೆ ಪೆಟ್ಟು. ಅಕ್ಕ ಮೊದಲ ದಿನ ಹಳದಿ ಬಣ್ಣದ ಸಾರು ಕಂಡು ಒಂದು ನಿಮಿಷ ಸುಮ್ಮನೆ ತಟ್ಟೆ ನೋಡ್ತಾ ಕೂತಿದ್ದಳು. ಆಮೇಲೆ ಎರಡು ಸಲ ಹಾಕಿಸಿಕೊಂಡಳು. ಕಳಕೊಂಡ ಏಳು ಕೆಜಿಯಲ್ಲಿ ಕಾಯಿಲೆ ಎಷ್ಟು ತಿಂತು, ಪಥ್ಯ ಎಷ್ಟು ತಿಂತು, ದೇವರೇ ಬಲ್ಲ.

ಸ್ಟೆಂಟ್ ಬಗ್ಗೆ ಒಂದು ಎಚ್ಚರಿಕೆ. ಆ ಪ್ಲಾಸ್ಟಿಕ್ಕನ್ನು ಸುಮಾರು ಮೂರು ತಿಂಗಳೊಳಗೆ ತೆಗೆಸಲೇಬೇಕು, ಮರೆತರೆ ಅದೇ ಕಟ್ಟಿಕೊಂಡು ಮತ್ತೆ ಸೋಂಕು. ಚೆನ್ನಾಗಿದ್ದೀನಲ್ಲ ಅಂತ ಎಷ್ಟೋ ಜನ ವಾಪಸ್ ಹೋಗೋದೇ ಇಲ್ಲವಂತೆ. ನಾವು ಗೋಡೆ ಕ್ಯಾಲೆಂಡರಿನಲ್ಲಿ ತಾರೀಕಿಗೆ ಕೆಂಪು ಸುತ್ತು ಹಾಕಿಟ್ಟೆವು. ಎಂಟನೇ ವಾರಕ್ಕೆ ತೆಗೆಸಿದೆವು.

ಇದನ್ನು ಓದಿ ಎಲ್ಲ ಕಾಮಾಲೆಯೂ ಕಲ್ಲಿನದೇ ಅಂದುಕೊಂಡರೆ ನಾನು ಬರೆದದ್ದೂ ಸೊಪ್ಪಿನ ಔಷಧಿಯ ಹಾಗೇ ಆಗುತ್ತೆ. ನಮ್ಮ ಕರಾವಳಿ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಹಳದಿ ಬಂದರೆ ಅದು ಇಲಿ ಜ್ವರ ಇರಬಹುದು, ಕಿಡ್ನಿಗೂ ಕೈ ಹಾಕುತ್ತೆ. ಬಸುರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ, ಒಂದು ದಿನವೂ ಮನೆ ಔಷಧಿ ನೋಡ್ತಾ ಕೂರಬಾರದು. ವಯಸ್ಸಾದವರಿಗೆ ನೋವೇ ಇಲ್ಲದೆ ಹಳದಿ ಏರಿ ಮೈ ಇಳಿಯುತ್ತಿದ್ದರೆ ನಾಳದ ಹತ್ತಿರ ಗಡ್ಡೆ ಇದೆಯಾ ಅಂತ ನೋಡಲೇಬೇಕು. ಕಾಮಾಲೆ ಇದ್ದವರು ಹಗಲೆಲ್ಲ ತೂಕಡಿಸಿದರೆ, ಮಾತು ತೊದಲಿದರೆ, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ ಅದು ಲಿವರ್ ಸೋಲುತ್ತಿರುವ ಲಕ್ಷಣ. ಇನ್ನು ಹೆಪಟೈಟಿಸ್ ಬಿ ಅಥವಾ ಸಿ ಪಾಸಿಟಿವ್ ಬಂದರೆ ಹಳದಿ ಇಳಿದರೂ ಕತೆ ಮುಗಿಯಲ್ಲ. ಅವು ಒಳಗೇ ಉಳಿದು ವರ್ಷಗಟ್ಟಲೆ ಲಿವರ್ ತಿನ್ನಬಹುದು, ಮನೆಯವರೂ ಟೆಸ್ಟ್ ಮಾಡಿಸಬೇಕು. ಬಿಗೆ ಲಸಿಕೆ ಇದೆ, ಸಿಗೆ ಪೂರ್ತಿ ಗುಣ ಮಾಡುವ ಮಾತ್ರೆ ಇದೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತವಾಗಿ ಕೊಡ್ತಾರೆ.

ಅಕ್ಕ ಈಗ 56 ಕೆಜಿ. ಡೇರಿಗೆ ಅವಳೇ ಹೋಗ್ತಾಳೆ. ಪಿತ್ತಕೋಶದಲ್ಲಿದ್ದ ಕಲ್ಲುಗಳನ್ನು ಆಸ್ಪತ್ರೆಯವರು ಸಣ್ಣ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದರು. ನೋಡಲು ಒಣಗಿದ ಹುಣಸೆಬೀಜದ ಚೂರಿನ ಹಾಗೆ ಇವೆ, ಟಿವಿ ಪಕ್ಕದಲ್ಲಿಟ್ಟಿದ್ದಾಳೆ. ಹೋದ ತಿಂಗಳು ತಿಪಟೂರಿಗೆ ಇಬ್ಬರೂ ಬಸ್ಸಿನಲ್ಲಿ ಹೋಗ್ತಿದ್ದೆವು. ಅವಳ ನಾದಿನಿ ಫೋನ್ ಮಾಡಿದಳು, ಯಾರಿಗೋ ಕಣ್ಣು ಹಳದಿ ಆಗಿದೆ, ಭಾನುವಾರ ಔಷಧಿಗೆ ಹೋಗ್ತಾರಂತೆ ಅಂತ. ಬಸ್ಸಿನ ಸದ್ದಿಗೆ ಅಕ್ಕ ಗಂಟಲು ಏರಿಸಿ ಕೂಗಿದಳು: "ಅದೆಲ್ಲ ಆಮೇಲೆ ಹೇಳು, ಕಕ್ಕಸಿಗೆ ಯಾವ ಬಣ್ಣಕ್ಕೆ ಹೋಗ್ತೈತೆ ಅಂತ ಮೊದಲು ಕೇಳು!"

ಮುಂದಿನ ಸೀಟಿನವರು, ಕಂಡಕ್ಟರು, ಎಲ್ಲ ತಿರುಗಿ ನೋಡಿದರು. ನಾನು ಕಿಟಕಿ ಕಡೆ ಮುಖ ಮಾಡಿಕೊಂಡೆ. ಅಕ್ಕ ಇನ್ನೂ ಫೋನಿನಲ್ಲೇ ಇದ್ದಳು, "ನಾಚಿಕೆ ಏನೇ ಅದರಲ್ಲಿ, ಕೇಳಿ ಈಗಲೇ ಫೋನ್ ಮಾಡು" ಅಂತ.